ಗೆದ್ದಲಿನ ಮದ್ದು ಬಾಗಿಲಿಗಲ್ಲ, ನೆಲಕ್ಕೆ

ಮನೆಗೆ ಗೆದ್ದಲು ಹಿಡಿದಿದೆ ಎಂದು ಗೊತ್ತಾದ ಕೂಡಲೇ ನಮ್ಮ ಚಿಕ್ಕಮಗಳೂರಿನ ಕಡೆಯ ಹೆಚ್ಚಿನ ಮನೆಗಳಲ್ಲಿ ನಡೆಯುವ ಕೆಲಸ ಒಂದೇ. ಗೋಡೆಯ ಮೇಲಿನ ಮಣ್ಣಿನ ಗೆರೆಯನ್ನು ಪೊರಕೆಯಿಂದ ಕೆರೆದು, ಬಾಗಿಲ ಚೌಕಟ್ಟಿಗೆ ಸೀಮೆಎಣ್ಣೆಯನ್ನೋ ಗ್ಯಾರೇಜಿನಿಂದ ತಂದ ವೇಸ್ಟ್ ಆಯಿಲನ್ನೋ ಬಳಿದು, ಕೆಲಸ ಮುಗಿಯಿತೆಂದು ಕೈತೊಳೆದುಕೊಳ್ಳುತ್ತಾರೆ. ಮುಂದಿನ ಮಳೆಗಾಲದ ಹೊತ್ತಿಗೆ ಅದೇ ಗೆರೆ ಪಕ್ಕದ ಕೋಣೆಯ ಬೀರುವಿನ ಹಿಂದೆ ಏಳುತ್ತದೆ. ಗೆದ್ದಲನ್ನು ಮರದ ಕಾಯಿಲೆಯೆಂದು ತಿಳಿದಿರುವವರೆಗೆ ಈ ಕಥೆ ಮುಗಿಯುವುದಿಲ್ಲ. ಅದು ಮಣ್ಣಿಗೂ ತೇವಕ್ಕೂ ಸಂಬಂಧಪಟ್ಟ ವಿಷಯ ಎಂಬುದೇ ನನ್ನ ವಾದ.

ನಮ್ಮಲ್ಲಿ ಮನೆಗಳನ್ನು ಕಾಡುವ ಗೆದ್ದಲುಗಳಲ್ಲಿ ಹೆಚ್ಚಿನವು ನೆಲದೊಳಗೆ ಗೂಡು ಕಟ್ಟಿ, ಅಲ್ಲಿಂದ ಆಹಾರ ಹುಡುಕಿಕೊಂಡು ಮೇಲೆ ಬರುವಂಥವು. ಮೈ ಮೆತ್ತಗಿರುವುದರಿಂದ ಗಾಳಿ ಬಿಸಿಲಿಗೆ ಬೇಗ ಒಣಗಿ ಸಾಯುತ್ತವೆ. ಆ ಕಾರಣಕ್ಕೇ ಮಣ್ಣು ಮತ್ತು ಜೊಲ್ಲು ಕಲಸಿ ಕೊಳವೆಯಂಥ ದಾರಿ ಕಟ್ಟಿಕೊಂಡು ಅದರೊಳಗೇ ಓಡಾಡುತ್ತವೆ. ಹುತ್ತ ಕಟ್ಟುವ ಜಾತಿಗಳು ತಿಂದ ಮರದ ಪುಡಿಯ ಮೇಲೆ ಗೂಡಿನೊಳಗೆ ಒಂದು ಬಗೆಯ ಶಿಲೀಂಧ್ರವನ್ನು ಬೆಳೆಸಿ, ಅದರ ನೆರವಿನಿಂದಲೇ ಆ ಮರವನ್ನು ಅರಗಿಸಿಕೊಳ್ಳುತ್ತವೆ. (ಮಳೆಗಾಲದಲ್ಲಿ ಮೂಡಿಗೆರೆ, ಕೊಪ್ಪದ ಕಡೆ ನಾವು ಆಸೆಯಿಂದ ಕಿತ್ತು ತಂದು ಸಾರು ಮಾಡುವ ಹುತ್ತದ ಅಣಬೆ ಅದೇ ತೋಟದ ಬೆಳೆ.) ರಾಣಿ ಹುಳು ನೆಲದಾಳದ ಗಟ್ಟಿ ಮಣ್ಣಿನ ಕೋಣೆಯಲ್ಲಿದ್ದುಕೊಂಡು ದಿನಕ್ಕೆ ಸಾವಿರಗಟ್ಟಲೆ ಮೊಟ್ಟೆಯಿಡುತ್ತದೆ. ಹೀಗಿರುವಾಗ ಗೋಡೆಯ ಮೇಲಿನ ಒಂದಷ್ಟು ಕೆಲಸಗಾರ ಹುಳುಗಳನ್ನು ಸೀಮೆಎಣ್ಣೆಯಿಂದ ಕೊಂದರೆ ಗೂಡಿಗೆ ಅದರ ಸುದ್ದಿಯೂ ಮುಟ್ಟುವುದಿಲ್ಲ.

ಪತ್ತೆ ಹಚ್ಚುವುದು ಕಷ್ಟವೇನಲ್ಲ, ಆದರೆ ನೋಡುವ ಜಾಗ ಗೊತ್ತಿರಬೇಕು. ಭರಣಿ, ಕೃತ್ತಿಕೆ ಮಳೆ ಬಿದ್ದ ಸಂಜೆ ಬೀದಿದೀಪಕ್ಕೆ ಮುತ್ತುವ ರೆಕ್ಕೆಹುಳುಗಳಿಂದ ಗಾಬರಿಯಾಗಬೇಕಿಲ್ಲ. ಅವು ಎಲ್ಲಿಂದಲೋ ಹಾರಿ ಬಂದಿರುತ್ತವೆ. ಅವೇ ಹುಳುಗಳು ಮನೆಯೊಳಗಿನ ನೆಲದ ಬಿರುಕಿನಿಂದ ಹೊರಬಿದ್ದರೆ, ಅಥವಾ ಮುಚ್ಚಿದ ಕೋಣೆಯ ಕಿಟಕಿಯ ಬುಡದಲ್ಲಿ ಉದುರಿದ ರೆಕ್ಕೆಗಳ ರಾಶಿ ಕಂಡರೆ, ಗೂಡು ಅಡಿಪಾಯದ ಕೆಳಗೋ ಆಸುಪಾಸಿನಲ್ಲೋ ಇದೆ ಎಂದೇ ಎಣಿಸಬೇಕು. ರೆಕ್ಕೆಯಿರುವ ಇರುವೆಗಳೂ ಅದೇ ಕಾಲದಲ್ಲಿ ಏಳುತ್ತವೆ. ಇರುವೆಗೆ ಸೊಂಟ ಸಣ್ಣ, ಮೀಸೆ ಮೊಣಕೈಯಂತೆ ಬಾಗಿರುತ್ತದೆ, ಮುಂದಿನ ರೆಕ್ಕೆ ಹಿಂದಿನದಕ್ಕಿಂತ ದೊಡ್ಡದು. ಗೆದ್ದಲಿಗೆ ನಾಲ್ಕು ರೆಕ್ಕೆಯೂ ಒಂದೇ ಅಳತೆ, ಸೊಂಟವೆಂಬುದು ಕಾಣುವುದೇ ಇಲ್ಲ.

ಚೌಕಟ್ಟಿನ ಬುಡವನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಬೇಕು. ಟೊಳ್ಳು ಸದ್ದು ಬಂದರೆ, ಅಥವಾ ಬಣ್ಣದ ಪದರ ಉಬ್ಬಿ ಒತ್ತಿದಾಗ ಒಳಕ್ಕೆ ಕುಸಿದರೆ, ಒಳಗಿನ ಮರ ಆಗಲೇ ಹೋಗಿರುತ್ತದೆ. ಬಚ್ಚಲಿಗೆ ಅಂಟಿಕೊಂಡ ಗೋಡೆ, ವಿದ್ಯುತ್ ತಂತಿಯ ಪೈಪು ಗೋಡೆಯಿಂದ ಹೊರಬರುವ ಜಾಗ, ದೇವರ ಪಟಗಳ ಹಿಂಬದಿ, ಅಟ್ಟದಲ್ಲಿ ತೊಲೆ ಗೋಡೆಯ ಮೇಲೆ ಕೂತಿರುವ ತುದಿ, ಇವನ್ನು ಯಾರೂ ನೋಡುವುದಿಲ್ಲ. ಮಣ್ಣಿನ ಗೆರೆ ಸಿಕ್ಕರೆ ಪೂರ್ತಿ ಕೆರೆಯಬೇಡಿ. ನಡುವೆ ಬೆರಳಗಲ ಮುರಿದು ಕೆಲವು ದಿನ ಬಿಟ್ಟು ನೋಡಿ. ಮತ್ತೆ ಕಟ್ಟಿಕೊಂಡಿದ್ದರೆ ದಾರಿ ಜೀವಂತವಾಗಿದೆ. ಕಟ್ಟಿಕೊಳ್ಳದಿದ್ದರೆ ಹೊರಟುಹೋಗಿವೆ ಎಂದರ್ಥವಲ್ಲ, ಬೇರೆ ದಾರಿ ಹಿಡಿದಿರಬಹುದು. ಮರದಲ್ಲಿ ಸಣ್ಣ ದುಂಡು ತೂತುಗಳಿದ್ದು ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಅದು ಕುಟ್ಟೆ ಹುಳುವಿನ ಕೆಲಸ, ಅದರ ಚಿಕಿತ್ಸೆಯೇ ಬೇರೆ.

ಇದು ಮಲೆನಾಡಿನ ತೇವದ ಊರುಗಳ ತೊಂದರೆ ಎಂದು ಹಾಸನದ ಗೆಳೆಯರು ಹೇಳುವುದನ್ನು ಕೇಳಿದ್ದೇನೆ. ಅರಸೀಕೆರೆಯ ತೆಂಗಿನ ತೋಟದವರನ್ನು ಕೇಳಿದರೆ ಒಣನೆಲದ ಗೆದ್ದಲು ಎಳೆಯ ಸಸಿಗಳನ್ನು ಏನು ಮಾಡುತ್ತದೆಂಬುದು ತಿಳಿಯುತ್ತದೆ. ಸಕಲೇಶಪುರದ ಹಳೆಯ ಮಣ್ಣಿನ ಗೋಡೆಯ ಮನೆಯಾಗಲಿ, ಹಾಸನದ ಹೊಸ ಬಡಾವಣೆಯ ಕಾಂಕ್ರೀಟ್ ಮನೆಯಾಗಲಿ, ಗೋಡೆಗೆ ಒತ್ತಿ ಪೇರಿಸಿದ ಸೌದೆ, ಸೋರುವ ನಲ್ಲಿ, ಮುಚ್ಚಿದ ಮಣ್ಣಿನಡಿ ಮರೆತುಹೋದ ಸೆಂಟ್ರಿಂಗ್ ಹಲಗೆಯ ಚೂರು, ಈ ಮೂರೂ ಒಂದೇ ರೀತಿಯ ಆಹ್ವಾನ. ಜೊತೆಗೆ ಈಗ ಬೀಟೆ, ತೇಗದ ಬದಲು ಅಗ್ಗದ ಪ್ಲೈವುಡ್ ಮತ್ತು ತೋಟದಲ್ಲಿ ಬೆಳೆದ ಸಿಲ್ವರ್ ಓಕ್ ಒಳಗೆ ಬಂದಿವೆ.

ಇನ್ನು ಔಷಧದ ಮಾತು. ಕಟ್ಟಡಗಳ ಗೆದ್ದಲು ನಿಯಂತ್ರಣಕ್ಕೆ ಐಎಸ್ 6313 ಎಂಬ ಭಾರತೀಯ ಮಾನಕವೇ ಇದೆ. ಕಟ್ಟಿದ ಮನೆಯಾದರೆ ಗೋಡೆ ಮತ್ತು ನೆಲ ಸೇರುವ ಗೆರೆಯುದ್ದಕ್ಕೂ ಸುಮಾರು 300 ಮಿ.ಮೀ. ಅಂತರದಲ್ಲಿ 12 ಮಿ.ಮೀ. ತೂತು ಕೊರೆದು, ಕೆಳಗಿನ ಮಣ್ಣಿಗೆ ದ್ರಾವಣ ಇಳಿಸಿ, ತೂತು ಮುಚ್ಚಬೇಕು. ಡಬ್ಬಿಯ ಮೇಲಿನ ಅಂಕಿ ಅದರಲ್ಲಿ ಶೇಕಡಾ ಎಷ್ಟು ಕೀಟನಾಶಕವಿದೆ ಎಂಬುದನ್ನೂ, ಇಸಿ, ಎಸ್‌ಸಿ, ಎಸ್‌ಎಲ್ ಎಂಬ ಅಕ್ಷರಗಳು ದ್ರವದ ಬಗೆಯನ್ನೂ ಹೇಳುತ್ತವೆ. ಕ್ಲೋರ್‌ಪೈರಿಫಾಸ್ 20 ಇಸಿ ಆದರೆ ಶೇ. 1ರ ದ್ರಾವಣಕ್ಕೆ ಲೀಟರಿಗೆ 50 ಮಿ.ಲೀ.; ಇಮಿಡಾಕ್ಲೋಪ್ರಿಡ್ 30.5 ಎಸ್‌ಸಿ ಆದರೆ ಇನ್ನೂ ತೆಳು ದ್ರಾವಣ ಸಾಕು, ಲೀಟರಿಗೆ ಸುಮಾರು 2.1 ಮಿ.ಲೀ. ಮೊದಲನೆಯದು ಘಾಟು ವಾಸನೆಯದು. ಎರಡನೆಯದರ ಇರವು ಹುಳುವಿಗೆ ತಿಳಿಯುವುದಿಲ್ಲ, ನಿಧಾನವಾಗಿ ಕೊಲ್ಲುವುದರಿಂದ ಹುಳುಗಳು ಅದನ್ನು ಮೈಗೆ ಹತ್ತಿಸಿಕೊಂಡು ಒಂದಕ್ಕೊಂದು ದಾಟಿಸುತ್ತವೆ. ಹಾಗಾಗಿ ನನ್ನ ಒಲವು ಎರಡನೆಯದರ ಕಡೆ. ಗೊಬ್ಬರದಂಗಡಿಯಲ್ಲಿ ಬೆಳೆಗೆಂದು ಮಾರುವ ಇಮಿಡಾಕ್ಲೋಪ್ರಿಡ್ ಸಾಮಾನ್ಯವಾಗಿ 17.8 ಎಸ್‌ಎಲ್, ಎರಡೂ ಒಂದೇ ಎಂದು ತಂದು ಸುರಿಯಬೇಡಿ.

ನಮ್ಮ ಬೀದಿಗೆ ಬಂದಿದ್ದ ಒಂದು ಸಂಸ್ಥೆಯವರು ತೂತನ್ನೇ ಕೊರೆಯದೆ, ಗೋಡೆಯಂಚಿಗೆ ಪಂಪಿನಿಂದ ಸಿಂಪಡಿಸಿ ಹತ್ತು ವರ್ಷದ ಗ್ಯಾರಂಟಿ ಪತ್ರ ಕೊಟ್ಟು ಹೋದರು. ಸಿಮೆಂಟಿನ ಮೇಲೆ ಸಿಂಪಡಿಸಿದ ಔಷಧ ಮಣ್ಣಿಗೆ ಇಳಿಯುವುದಾದರೂ ಹೇಗೆ? ಹಣ ಕೊಡುವ ಮುನ್ನ ಕೀಟನಾಶಕ ಕಾಯ್ದೆಯಡಿಯ ಪರವಾನಗಿ ತೋರಿಸಲು ಕೇಳಿ, ಔಷಧದ ಡಬ್ಬಿಯನ್ನು ನಿಮ್ಮೆದುರೇ ತೆರೆಸಿ, ಅಳತೆ ನೋಡಿ. ಅವರಿಗೆ ಕಿರಿಕಿರಿಯಾದರೆ ಆಗಲಿ. ಮನೆಗೆ ತೀರ ಹತ್ತಿರ ಬಾವಿಯಿದ್ದರೆ ಅದನ್ನು ಮೊದಲೇ ಹೇಳಿ. ಆ ಬದಿಯ ಮಣ್ಣಿಗೆ ಔಷಧ ಇಳಿಸದೆ ಬೇರೆ ಉಪಾಯ ನೋಡುವುದೇ ಸರಿ.

ಹೊಸ ಮನೆ ಕಟ್ಟುವವರಿಗೆ ಈ ಕೆಲಸ ಎಷ್ಟೋ ಸುಲಭ. ತಳಪಾಯದ ಗುಂಡಿಯ ಮಣ್ಣಿಗೆ ಮತ್ತು ನೆಲಗಟ್ಟಿಗೂ ಮುಂಚಿನ ತುಂಬುಮಣ್ಣಿಗೆ ಚದರ ಮೀಟರಿಗೆ 5 ಲೀಟರ್, ತಳಪಾಯದ ಗೋಡೆಗೆ ತಾಗುವ ಮಣ್ಣಿಗೆ 7.5 ಲೀಟರ್ ದ್ರಾವಣವನ್ನು ಮಾನಕ ಹೇಳುತ್ತದೆ. ಹೆಬ್ಬಾಗಿಲ ಕೆತ್ತನೆಗೆ ಲಕ್ಷ ಸುರಿಯುವವರು ಈ ಖರ್ಚಿಗೆ ಮಾತ್ರ ಕಂಟ್ರಾಕ್ಟರ್ ಜೊತೆ ಚೌಕಾಸಿಗೆ ಇಳಿಯುತ್ತಾರೆ. ಔಷಧ ಹಾಕಿದ ಮೇಲೆ ಗೋಡೆಗೆ ಒತ್ತಿ ಹೂವಿನ ಪಾತಿ ಅಗೆದರೆ ಆ ಪದರ ಅಲ್ಲಿಯೇ ಕಡಿದುಹೋಗುತ್ತದೆ. ಪಾತಿಯನ್ನು ಗೋಡೆಯಿಂದ ಒಂದೆರಡು ಅಡಿ ಆಚೆ ಇಡಿ. ಮಣ್ಣು ತುಂಬುವ ದಿನ ನೀವೇ ಹೋಗಿ ನಿಂತು, ಗುಂಡಿಯೊಳಗೆ ಬಿದ್ದಿರುವ ಹಲಗೆ, ಗೂಟ, ಸಿಮೆಂಟ್ ಚೀಲದ ಕಾಗದವನ್ನೆಲ್ಲ ಮೇಸ್ತ್ರಿಯಿಂದ ಆಯಿಸಿ ಹೊರಗೆ ಹಾಕಿಸಿ.