ಸಾಸಿವೆ ಡಬ್ಬಿಯಲ್ಲಿ ಜಪಾನ್

ಇವತ್ತು ಬೆಳಿಗ್ಗೆ ಒಗ್ಗರಣೆಗೆ ಸಾಸಿವೆ ತೆಗೆಯಲು ಹೋದ ನನ್ನ ಹೆಂಡತಿಗೆ ಡಬ್ಬಿಯಲ್ಲಿ ಪಿಸ್ಟನ್ ಸಿಕ್ಕಿತು. ಒಲೆ ಮೇಲೆ ಎಣ್ಣೆ ಕಾದು ಹೊಗೆಯಾಡುತ್ತಿದೆ, ಅವಳ ಕೈಯಲ್ಲಿ ಪಿಸ್ಟನ್. "ರೀ, ಇದನ್ನ ಹಾಕಿದ್ರೆ ಸಿಡಿಯುತ್ತಾ?" ಎಂದು ಅಲ್ಲಿಂದಲೇ ಕೇಳಿದಳು.

ಇದಕ್ಕೆಲ್ಲ ಕಾರಣ ನಮ್ಮ ಮೆಕ್ಯಾನಿಕ್. ನನ್ನ ಹತ್ತಿರ ಇರುವುದು ಅಪ್ಪನ 1989ರ ಯಮಹಾ ಆರ್‌ಎಕ್ಸ್ 100 ಬೈಕು. ಅದರಿಂದ ಏನು ಬಿಚ್ಚಿದರೂ ಈ ಮನುಷ್ಯ ಎಸೆಯುವುದಿಲ್ಲ. ಹಳೇ ಬನಿಯನ್ನಿನಲ್ಲಿ ಒರೆಸುತ್ತಾನೆ, ಬೆಳಕಿಗೆ ಹಿಡಿಯುತ್ತಾನೆ, ಒಂದು ಗಳಿಗೆ ಮೌನವಾಗಿರುತ್ತಾನೆ, ಆಮೇಲೆ ನನ್ನ ಅಂಗೈಯಲ್ಲಿಟ್ಟು ಬೆರಳುಗಳನ್ನು ತಾನೇ ಮಡಚುತ್ತಾನೆ. "ಇಟ್ಕೊಳ್ಳಿ ಸಾರ್, ಜಪಾನ್ ಪೀಸು." ಪ್ರಸಾದ ಕೊಟ್ಟ ಹಾಗೆ. ಸವೆದ ರಿಂಗು ಜಪಾನ್. ಸುಟ್ಟ ಕ್ಲಚ್ ಪ್ಲೇಟ್ ಜಪಾನ್. ರೀಡ್ ವಾಲ್ವಿನ ಮುರಿದ ಎಲೆ, ಅದೂ ಜಪಾನ್. ಹೋದ ತಿಂಗಳು ಒಂದು ರಬ್ಬರ್ ಬುಶ್ ಕೊಟ್ಟ. "ಅಲ್ಲಪ್ಪಾ, ಇದನ್ನ ಹೋದ ವರ್ಷ ನಾನೇ ಜೆ.ಸಿ. ರೋಡಲ್ಲಿ ನಲವತ್ತು ರೂಪಾಯಿಗೆ ತಂದಿದ್ದು" ಎಂದೆ. ನನ್ನನ್ನು ಕನಿಕರದಿಂದ ನೋಡಿದ. "ನಿಮಗೆ ಗೊತ್ತಿಲ್ದೇ ಒಳ್ಳೇದು ಸಿಕ್ಬಿಟ್ಟಿದೆ ಸಾರ್."

ಇವನ ಭಕ್ತಿಗೆ ಕಾರಣ ಇಲ್ಲದಿಲ್ಲ. 1985ರಲ್ಲಿ ಈ ಗಾಡಿ ಬಂದಾಗ ಮೊದಮೊದಲಿನವನ್ನು ಜಪಾನಿನಿಂದ ಬಂದ ಬಿಡಿಭಾಗಗಳಿಂದಲೇ ಇಲ್ಲಿ ಜೋಡಿಸಿದ್ದರು. ಆಮೇಲೆ ಒಂದೊಂದೇ ಭಾಗ ಇಲ್ಲೇ ತಯಾರಾಗತೊಡಗಿತು. ನನ್ನ ಗಾಡಿಯಲ್ಲಿ ಈಗ ಉಳಿದಿರುವ ಜಪಾನ್ ಎಂದರೆ ಮದುವೆಮನೆ ಮಜ್ಜಿಗೆಯಲ್ಲಿ ಮೊಸರು ಇದ್ದಷ್ಟು. ಹಾಗಂತ ಅವನಿಗೆ ಹೇಳಿದರೆ ಎರಡು ದಿನ ಮಾತು ಬಿಡುತ್ತಾನೆ, ಆ ಎರಡು ದಿನ ನನ್ನ ಇಂಜಿನ್ ಅವನ ಗೋಣಿಚೀಲದ ಮೇಲೆ ಬಿಡಿಬಿಡಿಯಾಗಿ ಮಲಗಿರುತ್ತದೆ. ಅದಕ್ಕೇ ಸುಮ್ನೆ ತಲೆಯಾಡಿಸಿ ಜೇಬಿಗೆ ಹಾಕಿಕೊಂಡು ಬರುತ್ತೇನೆ.

ನಿಜ ಹೇಳಬೇಕೆಂದರೆ ನನಗೂ ಹುಚ್ಚಿದೆ. ಬರೀ 98 ಸಿಸಿ, 11 ಕುದುರೆ ಶಕ್ತಿ, ಆದರೆ ಗಾಡಿಯೇ ಹಗುರ, ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ತಿರುಗಿಸಿದರೆ ಹಿಂದೆ ಕೂತವರು ಹೆಗಲನ್ನು ಹಿಡಿದುಕೊಳ್ಳಲೇಬೇಕು. ನಮ್ಮ ಬೀದಿಯಲ್ಲಿ ಆಗ ಹೊಸೂರಿನ ಸುಜುಕಿ ಎಎಕ್ಸ್ 100 ಇತ್ತು, ಎದುರುಮನೆಯವರ ಹೀರೋ ಹೋಂಡಾ ಸಿಡಿ 100 ಇತ್ತು. ಎದುರುಮನೆಯವರು ಮೈಲೇಜ್ ಲೆಕ್ಕ ಬರೆದಿಡುತ್ತಿದ್ದರು. ಅಪ್ಪ ಅವರ ಮುಖಕ್ಕೆ ನೀಲಿ ಹೊಗೆ ಬಿಟ್ಟು ಹೋಗುತ್ತಿದ್ದರು. ಆ ಹೊಗೆಯಿಂದಲೇ ಕೆಟ್ಟಿತು ನೋಡಿ. ಹೊಗೆ ನಿಯಮ ಬಿಗಿಯಾಯಿತು, 1996ಕ್ಕೆ ಈ ಗಾಡಿ ನಿಂತುಹೋಯಿತು. ಪೆಟ್ರೋಲ್ ಜೊತೆ ಸುಡುವ ಟೂ ಟಿ ಆಯಿಲ್ಲಿಗೂ ಈಗ ಪರದಾಟ. ಮೊನ್ನೆ ಬಂಕಿನಲ್ಲಿ "ಟೂ ಟಿ ಇದೆಯಾ?" ಎಂದು ಕೇಳಿದರೆ ಆ ಹುಡುಗ ರಸ್ತೆಯಾಚೆ ಕೈ ತೋರಿಸಿದ. "ಟೀ ಅಲ್ಲಿ ಸಿಗುತ್ತೆ ಸಾರ್."

ಡಬ್ಬಿಯಲ್ಲಿದ್ದ ಉಳಿದದ್ದನ್ನೆಲ್ಲ ಗುಜರಿಗೆ ಹಾಕು ಎಂದುಬಿಟ್ಟೆ. ಆ ಪಿಸ್ಟನ್ ಮಾತ್ರ ಬೇಡ. ಅದರ ಒಂದು ಮಗ್ಗುಲಲ್ಲಿ ಉದ್ದಕ್ಕೆ ಗೀರು ಬಿದ್ದಿದೆ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಪ್ಪ ಆಯಿಲ್ ನೋಡದೇ ಮೈಸೂರಿಗೆ ಹೊರಟು, ಮದ್ದೂರಿನ ಹತ್ತಿರ ಇಂಜಿನ್ ಜಾಮ್ ಆಗಿ ಹಿಂದಿನ ಚಕ್ರ ಕಿರ್ರೆಂದು ನಿಂತಿತ್ತು. ಅಪ್ಪ ಬೈಯಲೂ ಇಲ್ಲ, ಗಾಬರಿಯಾಗಲೂ ಇಲ್ಲ. "ತಣ್ಣಗಾಗಲಿ ಬಿಡು" ಎಂದು ವಡೆ ಕೊಡಿಸಿದರು. ಹುಣಸೆ ಮರದ ಕೆಳಗೆ ಕೂತು ಇಬ್ಬರೂ ಎರಡೆರಡು ತಿಂದೆವು. ಅಪ್ಪ ಎದ್ದು, ಎಲ್ಲಿಂದಲೋ ಆಯಿಲ್ ತಂದು ಸುರಿದು, ಎರಡು ಕಿಕ್ ಹೊಡೆದರು. ಸ್ಟಾರ್ಟ್ ಆಯಿತು!

ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಎಣ್ಣೆ ಹೊತ್ತಿಹೋಗಿತ್ತು. ಹೆಂಡತಿ ಪಿಸ್ಟನ್ನನ್ನು ಸೋಪು ಹಾಕಿ ತೊಳೆದು, ಹಾಲಿನ ಲೆಕ್ಕದ ಚೀಟಿಯ ಮೇಲೆ ಭಾರಕ್ಕೆ ಇಟ್ಟಳು. "ಅದು ಸರಿ, ಡಬ್ಬಿಯಲ್ಲಿದ್ದ ಸಾಸಿವೆ ಎಲ್ಲಿ ಸುರಿದಿರಿ?" ಎಂದು ಕೇಳಿದಳು.

ಅದೇ ನೆನಪಾಗುತ್ತಿಲ್ಲ.