ಹುಣಸೆಹುಳಿಯನ್ನು ನಾಣ್ಯದಿಂದ ದೂರವಿಡಿ

ಒಂದು ನಯಾ ಪೈಸೆ ನಾಣ್ಯಗಳ ನನ್ನ ಸರಣಿ ಕೊನೆಗೂ ಪೂರ್ತಿಯಾಯಿತು. 1957ರಿಂದ 1963ರವರೆಗೆ, ಎಲ್ಲ ಇಸವಿಗಳೂ ಸೇರಿದವು. ಖಾಲಿ ಉಳಿದಿದ್ದದ್ದು 1962ರ ಕಂಚಿನ ನಾಣ್ಯದ ಜಾಗ. ಆ ವರ್ಷ ಕಂಚಿನಲ್ಲೂ ಟಂಕಿಸಿದರು, ನಿಕ್ಕಲ್ ಹಿತ್ತಾಳೆಯಲ್ಲೂ ಟಂಕಿಸಿದರು. ಹಳದಿಯದು ನನಗೆ ಬೇಗ ಸಿಕ್ಕಿತ್ತು, ಕಂದುಬಣ್ಣದ್ದು ವರ್ಷಗಟ್ಟಲೆ ಸತಾಯಿಸಿತು. ನನ್ನನ್ನು ಬಲ್ಲವರಿಗೆ ಈ ಸಂತೋಷವನ್ನು ಬಿಡಿಸಿ ಹೇಳಬೇಕಿಲ್ಲ.

ಸಂತೋಷವನ್ನಷ್ಟೇ ಬರೆಯುತ್ತಿದ್ದೆ. ಆದರೆ ಇಂದು ಸರಣಿಯನ್ನು ನೋಡಿದ ಬಂಧುವೊಬ್ಬರು, "ಎಲ್ಲ ಕಪ್ಪಾಗಿವೆಯಲ್ಲ, ಹುಣಸೆಹುಳಿ ಹಾಕಿ ಉಜ್ಜಿದರೆ ಫಳಫಳ ಹೊಳೆಯುತ್ತವೆ" ಎಂದರು. ಮೈಯೆಲ್ಲ ಉರಿದುಹೋಯಿತು.

1962ರ ಆ ಕಂಚಿನ ನಾಣ್ಯ ಸಿಗಲು ಇಷ್ಟು ತಡವಾಗಿದ್ದೇ ಈ ಉಜ್ಜುವ ಚಾಳಿಯಿಂದ. ಸಿಕ್ಕವೆಲ್ಲ ಯಾರೋ ತಿಕ್ಕಿ ತೊಳೆದವು. ಅಂಥದ್ದೊಂದನ್ನು ಭೂತಗನ್ನಡಿಯ ಕೆಳಗೆ ಹಿಡಿದಿದ್ದೆ. ನಾಣ್ಯದ ಅಗಲವೇ 16 ಮಿಲಿಮೀಟರ್. ಅಷ್ಟರಲ್ಲೇ ದೇವನಾಗರಿಯಲ್ಲಿ 'ರುಪಯೇ ಕಾ ಸೌವಾ ಭಾಗ್', ಅಂದರೆ ರೂಪಾಯಿಯ ನೂರನೇ ಭಾಗ, ಎಂದು ಕೆತ್ತಿರುತ್ತಾರೆ. 64 ಪೈಸೆಗೆ ಒಂದು ರೂಪಾಯಿ ಎಂದು ಎಣಿಸುತ್ತಿದ್ದ ದೇಶ 1957ರ ಏಪ್ರಿಲ್ 1ರಂದು ನೂರಕ್ಕೆ ಬಂದಾಗ, ಜನರಿಗೆ ಗೊಂದಲವಾಗದಿರಲೆಂದು ನಾಣ್ಯವೇ ತನ್ನ ಲೆಕ್ಕವನ್ನು ಹೇಳುತ್ತಿತ್ತು. ನನ್ನ ಕೈಯಲ್ಲಿದ್ದ ನಾಣ್ಯದಲ್ಲಿ ಆ ಅಕ್ಷರಗಳು ಕರಗಿದ್ದವು. ಇಸವಿಯ ಕೆಳಗಿನ ಟಂಕಸಾಲೆಯ ಗುರುತೂ ಅಳಿಸಿಹೋಗಿತ್ತು. ಅಲ್ಲಿ ವಜ್ರಾಕೃತಿ ಇದ್ದರೆ ಬೊಂಬಾಯಿ, ಏನೂ ಇಲ್ಲದಿದ್ದರೆ ಕಲ್ಕತ್ತ. ಗುರುತು ಸವೆದ ಮೇಲೆ ಬೊಂಬಾಯಿಯ ನಾಣ್ಯ ಯಾವುದು, ಕಲ್ಕತ್ತದ್ದು ಯಾವುದು, ಹೇಳುವುದು ಹೇಗೆ? ಹೊಳಪಿಗಾಗಿ ನಾಣ್ಯದ ಹುಟ್ಟೂರನ್ನೇ ಅಳಿಸಿದ್ದರು.

ಆ ಕಂದುಬಣ್ಣ ಕೊಳೆಯಲ್ಲ. ಕಂಚಿನೊಳಗಿನ ತಾಮ್ರದ ಮೇಲೆ ಗಾಳಿಯಿಂದ ನಿಧಾನವಾಗಿ ಕಟ್ಟಿಕೊಂಡ ಪದರ ಅದು, ಒಳಗಿನ ಲೋಹವನ್ನು ಕಾಯುವುದೂ ಅದೇ. ಹುಳಿ ತಾಗಿದರೆ ಅದು ಕರಗುತ್ತದೆ, ಉಜ್ಜಿದರೆ ಲೋಹವೂ ಸವೆಯುತ್ತದೆ. ಅಚ್ಚೊತ್ತುವಾಗ ಲೋಹದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಮೂಡುತ್ತವೆ. ನಾಣ್ಯದ ನಿಜವಾದ ಹೊಳಪು ಬರುವುದು ಅವುಗಳಿಂದ. ಬೆಳಕಿಗೆ ಹಿಡಿದು ಓರೆಯಾಗಿಸಿ ತಿರುಗಿಸಿ, ಆ ಹೊಳಪು ನಾಣ್ಯದ ಸುತ್ತ ಓಡಾಡುತ್ತದೆ. ತಿಕ್ಕಿದ ನಾಣ್ಯದ ಹೊಳಪು ಹಾಗೆ ಕದಲುವುದೇ ಇಲ್ಲ.

ಕಿಲುಬು ಹಿಡಿದರೂ ಸುಮ್ಮನಿರಬೇಕೇ ಎಂದು ಕೇಳುತ್ತೀರಿ. ಬೇಡ. ಪಿವಿಸಿ ಎಂಬ ಪ್ಲಾಸ್ಟಿಕ್ ಹಾಳೆಗಳ ಆಲ್ಬಮ್‌ನಲ್ಲಿಟ್ಟ ನಾಣ್ಯದ ಮೇಲೆ ಹಸಿರು ಅಂಟು ಕೂರುತ್ತದೆ, ಶುದ್ಧ ಅಸಿಟೋನ್ ಎಂಬ ದ್ರಾವಕದಲ್ಲಿ ನೆನೆಸಿದರೆ ಅದು ಬಿಡುತ್ತದೆ. ಅಲ್ಲಿಯೂ ಉಜ್ಜುವ ಕೆಲಸವಿಲ್ಲ. ಅಂಥ ಅಪರೂಪದ ಪ್ರಸಂಗವನ್ನು ಮುಂದಿಟ್ಟುಕೊಂಡು ಚೆನ್ನಾಗಿರುವ ನಾಣ್ಯವನ್ನೂ ತಿಕ್ಕುವವರಿಗೆ ನನ್ನ ಬಳಿ ಸಹನೆಯಿಲ್ಲ.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಆ ಖಾಲಿ ಜಾಗ ಕಂಡಾಗಲೆಲ್ಲ, ಉಜ್ಜಿದ್ದನ್ನೇ ಇಟ್ಟು ಮುಗಿಸಿಬಿಡೋಣ ಎಂದು ಆಸೆಯಾಗುತ್ತಿತ್ತು. ಮನಸ್ಸು ಒಪ್ಪಲಿಲ್ಲ. ಈಗ ಸಿಕ್ಕಿದ್ದರ ಅಂಚು ಸ್ವಲ್ಪ ಸವೆದಿದೆ, ಸಿಂಹಗಳ ಮುಖವೂ ಮಾಸಿದೆ. ಅದು ಜನರ ಕೈಯಿಂದ ಕೈಗೆ ಹೋಗಿ ಆದ ಸವೆತ. ಆ ಸವೆತದ ಮೇಲೆ ನನಗೆ ಪ್ರೀತಿಯಿದೆ.

ಮುಂದೆ 1964ರ ಪೈಸೆಗಳು. ಆ ವರ್ಷ ಜೂನ್ 1ರಿಂದ 'ನಯಾ' ಎಂಬುದನ್ನು ಕೈಬಿಟ್ಟರು. ನಿಮ್ಮ ಹಳೆಯ ಪೆಟ್ಟಿಗೆಗಳಲ್ಲಿ ಇದ್ದರೆ ಅಂಚಿನಲ್ಲಿ ಹಿಡಿದು ತೆಗೆಯಿರಿ, ಧೂಳಿನ ಸಮೇತವೇ ನನಗೆ ತೋರಿಸಿ.