ಅದೇ ಎತ್ತರ, ಅದೇ ತೂಕ, ಕಡಿಮೆ ರೇಟು

ಏಪ್ರಿಲ್ ಕೊನೆಗೆ ಎನ್‌ಎಫ್‌ಎಲ್ ಡ್ರಾಫ್ಟ್, ಅಂದರೆ ಅಮೆರಿಕನ್ ಫುಟ್‌ಬಾಲ್ ತಂಡಗಳು ಸರದಿ ಪ್ರಕಾರ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ಹಬ್ಬ, ಬಂತೆಂದರೆ ಟೀವಿಯಲ್ಲಿ ಕೋಟು ಹಾಕಿಕೊಂಡ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ, ಈ ಹುಡುಗ ಮುಂದಿನ ಎ.ಜೆ. ಬ್ರೌನ್ ಅಂತ. ಬ್ರೌನ್ ಅಂದರೆ ದೂರಕ್ಕೆ ಎಸೆದ ಚೆಂಡು ಹಿಡಿದು ಓಡುವ ಆಟಗಾರ. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಟೆನೆಸ್ಸಿ ಟೈಟನ್ಸ್ ತಂಡದ ಮೇಲೆ ಭಕ್ತಿ ಉಕ್ಕುತ್ತದೆ. ಮುಂದಿನ ಎ.ಜೆ. ಬ್ರೌನ್ ಬೇಕು ಅಂತ ಕೈಯಲ್ಲಿದ್ದ ಎ.ಜೆ. ಬ್ರೌನ್‌ನನ್ನೇ ಮಾರಿದ ಮಹಾನುಭಾವರು ಅವರು.

ಕತೆ ನಿಮಗೆ ಗೊತ್ತೇ ಇದೆ. 2022ರ ಏಪ್ರಿಲ್ 28, ಡ್ರಾಫ್ಟ್ ರಾತ್ರಿ. ಬ್ರೌನ್ ಫಿಲಡೆಲ್ಫಿಯಾ ಈಗಲ್ಸ್‌ಗೆ ಹೋದ. ಬದಲಿಗೆ ಡ್ರಾಫ್ಟಿನಲ್ಲಿ 18ನೇ ಮತ್ತು 101ನೇ ಸರದಿಗೆ ಹುಡುಗರನ್ನು ಆರಿಸುವ ಹಕ್ಕು ಬಂತು. ಆ 18ನೇ ಆಯ್ಕೆಯಲ್ಲಿ ಟೈಟನ್ಸ್‌ನವರು ಅರ್ಕನ್ಸಾ ವಿಶ್ವವಿದ್ಯಾಲಯದ ಟ್ರೇಲನ್ ಬರ್ಕ್ಸ್ ಎಂಬ ಹುಡುಗನನ್ನು ತಂದರು. ಬ್ರೌನ್ ಆರಡಿ ಒಂದಿಂಚು, ಬರ್ಕ್ಸ್ ಆರಡಿ ಎರಡಿಂಚು. ತೂಕ ಇಬ್ಬರದೂ ಹತ್ತಿರ ಹತ್ತಿರ 102 ಕೆ.ಜಿ. ನೋಡಿ, ಲಾಭವೇ ಆಯಿತಲ್ಲ, ಒಂದಿಂಚು ಜಾಸ್ತಿ! ಮದುವೆ ಬ್ರೋಕರ್ ತರುವ ಬಯೋಡೇಟಾ ಹಾಗೆ ಎತ್ತರ, ಮೈಕಟ್ಟು ಎಲ್ಲ ಸರಿಹೊಂದಿತು. ಇನ್ನು ಚೆಂಡು ಹಿಡಿಯೋದು ತಾನೇ? ಅದು ಮದುವೆ ಆದಮೇಲೆ ಸರಿಹೋಗುತ್ತೆ ಅಂದುಕೊಂಡರು.

ಪಾಪ, ಹಣದ ಮುಗ್ಗಟ್ಟು. ಬ್ರೌನ್ ಆಮೇಲೆ ಹೇಳಿಕೊಂಡ ಪ್ರಕಾರ ತಂಡದವರು ವರ್ಷಕ್ಕೆ 1.6 ಕೋಟಿ ಡಾಲರ್ ಕೊಡ್ತೀವಿ ಅಂದಿದ್ದರು. ಚೆನ್ನಾಗಿ ಆಡಿದರೆ ಅದು 2 ಕೋಟಿವರೆಗೆ ಏರುತ್ತಿತ್ತು. 2.2 ಕೋಟಿ ಕೊಟ್ಟಿದ್ದರೆ ಅವನು ಅಲ್ಲೇ ಇರುತ್ತಿದ್ದನಂತೆ. ಈಗಲ್ಸ್‌ನವರು ನಾಲ್ಕು ವರ್ಷಕ್ಕೆ 10 ಕೋಟಿ ಡಾಲರ್ ಬರೆದುಕೊಟ್ಟರು. ಬರ್ಕ್ಸ್‌ಗೆ ನಾಲ್ಕು ವರ್ಷಕ್ಕೆ ಆಗಿದ್ದು ಸುಮಾರು 1.4 ಕೋಟಿ. ಈ ಉಳಿತಾಯ ನೋಡಿದರೆ ಯಾವ ಲೆಕ್ಕಪರಿಶೋಧಕನಿಗೂ ಕಣ್ಣೀರು ಬರಬೇಕು.

ಟೈಟನ್ಸ್ ಕೋಚ್ ಮೈಕ್ ವ್ರೇಬಲ್ ಅವರು ಡ್ರಾಫ್ಟಿಗೆ ಮುಂಚೆ, ತಾವು ಕೋಚ್ ಆಗಿರುವ ತನಕ ಬ್ರೌನ್ ಎಲ್ಲೂ ಹೋಗಲ್ಲ ಅಂತ ಹೇಳಿದ್ದರು. ಆ ರಾತ್ರಿ ಕ್ಯಾಮೆರಾದಲ್ಲಿ ಅವರ ಮುಖ ನೋಡಿದವರಿಗೆ ಹೆಚ್ಚಿನ ವಿವರ ಬೇಕಾಗಿಲ್ಲ.

ಇಂಥ ಬುದ್ಧಿ ಇವರಿಗೆ ಎಲ್ಲಿಂದ ಬಂತು? ನನ್ನ ಅನುಮಾನ ಮಿನೆಸೋಟ ಮೇಲೆ. 2020ರಲ್ಲಿ ಅಲ್ಲಿನ ವೈಕಿಂಗ್ಸ್ ತಂಡ ಬ್ರೌನ್ ಥರದ್ದೇ ಆಟಗಾರ ಸ್ಟೆಫಾನ್ ಡಿಗ್ಸ್‌ನನ್ನು ಬಫಲೊ ತಂಡಕ್ಕೆ ಕೊಟ್ಟು, ಬಂದ 22ನೇ ಆಯ್ಕೆಯಲ್ಲಿ ಜಸ್ಟಿನ್ ಜೆಫರ್ಸನ್‌ನನ್ನು ತಂದಿತು. ಆ ಹುಡುಗ ಮೊದಲ ವರ್ಷವೇ ಚೆಂಡು ಹಿಡಿದು 1,400 ಯಾರ್ಡ್ ಮುಂದೆ ಒಯ್ದುಬಿಟ್ಟ. ಅಷ್ಟೇ, ಕೆಲಸ ಕೆಟ್ಟಿತು. ಪಕ್ಕದ ಬೀದಿಯವನಿಗೆ ಲಾಟರಿ ಹೊಡೆಯಿತು ಅಂತ ಮನೆ ಮಾರಿ ಟಿಕೆಟ್ ಕೊಳ್ಳಲು ಅಮೆರಿಕದ ಮ್ಯಾನೇಜರುಗಳೆಲ್ಲ ಸಾಲುಗಟ್ಟಿ ನಿಂತರು.

ಬರ್ಕ್ಸ್ ಬಗ್ಗೆ ಎರಡು ಮಾತು ಹೇಳಲೇಬೇಕು, ವಿಷಯಕ್ಕೆ ಸಂಬಂಧ ಇಲ್ಲದಿದ್ದರೂ. ಆ ಹುಡುಗ ವಾರೆನ್ ಅನ್ನುವ ಸಣ್ಣ ಊರಿನವನು. ನಾಯಿ ಕಟ್ಟಿಕೊಂಡು ಕಾಡಿಗೆ ಹೋಗಿ ಹಂದಿ ಬೇಟೆ ಆಡುತ್ತಾನೆ, ಅದೂ ಚಾಕುವಿನಲ್ಲಿ. ಕೈ ಎಷ್ಟು ದೊಡ್ಡದು ಅಂದರೆ ಮಾಮೂಲಿ ಗ್ಲೌಸ್ ಹಿಡಿಸದೆ ಐದು ಎಕ್ಸ್‌ಎಲ್ ಅಳತೆಯದನ್ನು ಹೇಳಿ ಮಾಡಿಸುತ್ತಿದ್ದರಂತೆ. ಡ್ರಾಫ್ಟಿಗೆ ಮುಂಚೆ ಪಂಡಿತರೆಲ್ಲ ಈ ಹಂದಿ ಮತ್ತು ಗ್ಲೌಸಿನ ಕತೆಯನ್ನೇ ಬಾಯಿ ಚಪ್ಪರಿಸಿ ಹೇಳಿದರು. ಡಿಫೆಂಡರನ ಎದುರು ಓಟದ ದಾರಿ ಹೇಗೆ ಕತ್ತರಿಸುತ್ತಾನೆ ಅನ್ನೋದು ಅಷ್ಟು ರುಚಿ ಇರುವ ವಿಷಯ ಅಲ್ಲವಲ್ಲ. ಇಡೀ ದೇಶಕ್ಕೆ ಹಂದಿ ಕತೆ ಗೊತ್ತಾಯಿತು, ಆಟ ಮಾತ್ರ ಗೊತ್ತಾಗಲಿಲ್ಲ.

ಈಗ 2022ರ ಡಿಸೆಂಬರ್ 4ಕ್ಕೆ ಬನ್ನಿ. ವೇಳಾಪಟ್ಟಿ ಮಾಡುವವರಿಗೆ ಹಾಸ್ಯಪ್ರಜ್ಞೆ ಇದೆ. ಟೈಟನ್ಸ್ ಫಿಲಡೆಲ್ಫಿಯಾಕ್ಕೆ ಹೋದರು. ಬ್ರೌನ್ 8 ಸಲ ಚೆಂಡು ಹಿಡಿದ, 119 ಯಾರ್ಡ್, ಎರಡು ಟಚ್‌ಡೌನ್ (ಎದುರಾಳಿಯ ಕೊನೆಯ ಅಂಕಣಕ್ಕೆ, ಅಂದರೆ ಎಂಡ್ ಜೋನಿಗೆ, ಚೆಂಡು ಮುಟ್ಟಿಸೋದು). ಸ್ಕೋರು 35–10. ಟೈಟನ್ಸ್‌ಗೆ ಆ ದಿನ ಸಿಕ್ಕಿದ್ದು ಒಂದೇ ಒಂದು ಟಚ್‌ಡೌನ್. ಹೊಡೆದವನು ಯಾರು ಗೊತ್ತಾ? ಬರ್ಕ್ಸ್. ಎಂಡ್ ಜೋನಿನಲ್ಲಿ ಎಗರಿ ಚೆಂಡು ಹಿಡಿದ, ಅದೇ ಕ್ಷಣ ಎದುರಾಳಿ ಬಂದು ತಲೆಗೆ ಗುದ್ದಿದ. ಹುಡುಗ ಕೆಳಗೆ ಬಿದ್ದ, ಏಳಲಿಲ್ಲ, ಆದರೆ ಚೆಂಡು ಕೈಯಲ್ಲೇ ಇತ್ತು. ತಲೆಗೆ ಪೆಟ್ಟಾಗಿ ಆಟದಿಂದ ಹೊರಗೆ ಹೋದ. ಆ ಇಡೀ ಸೀಸನ್ನಿನಲ್ಲಿ ಅವನು ಚೆಂಡು ಹಿಡಿದು ಹೊಡೆದ ಟಚ್‌ಡೌನ್ ಅದೊಂದೇ.

ಈ ದೃಶ್ಯ ನೋಡಿದ ಮೇಲೂ ಆ ಹುಡುಗನನ್ನು ‘ವೇಸ್ಟ್’ ಅನ್ನುವವರಿದ್ದಾರೆ. ನಾಚಿಕೆ ಆಗಬೇಕು. ಇನ್ನೊಬ್ಬನ ಚಪ್ಪಲಿ ಹಾಕಿಕೊಂಡು ಓಡು ಅಂತ ಅವನೇನು ಕೇಳಿದ್ದನಾ? 2024ರಲ್ಲಿ ಮೊಣಕಾಲಿನ ಲಿಗಮೆಂಟ್ ಹರಿಯಿತು, 2025ರಲ್ಲಿ ಟೈಟನ್ಸ್‌ನವರು ಕೈ ಬಿಟ್ಟರು.

2022ರ ಆ ಮ್ಯಾಚಾಗಿ ಎರಡು ದಿನಕ್ಕೆ ಟೈಟನ್ಸ್ ಜನರಲ್ ಮ್ಯಾನೇಜರ್ ಜಾನ್ ರಾಬಿನ್ಸನ್ ಅವರಿಗೂ ಗೇಟ್ ಪಾಸ್ ಸಿಕ್ಕಿತು. ಅದೇ ವರ್ಷ ಫೆಬ್ರವರಿಯಲ್ಲಿ ತಾನೇ ಅವರ ಕಾಂಟ್ರಾಕ್ಟ್ ಮುಂದುವರಿಸಿದ್ದರು! ವ್ರೇಬಲ್ ಅವರನ್ನು ಕಳಿಸಿದ್ದು 2024ರ ಜನವರಿಯಲ್ಲಿ. ಮಾಲಕಿ ಏಮಿ ಆ್ಯಡಮ್ಸ್ ಸ್ಟ್ರಂಕ್ ಅವರ ಜಾಗಕ್ಕೆ ಮಾತ್ರ ಬದಲಿ ಹುಡುಕುವ ಪದ್ಧತಿ ಇಲ್ಲ. ಅದು ಅಪ್ಪನಿಂದ ಬಂದದ್ದು.

ಅಂದಹಾಗೆ ಬ್ರೌನ್ ಜಾಗಕ್ಕೆ ಬಂದವರು ಬರ್ಕ್ಸ್ ಒಬ್ಬನೇ ಅಲ್ಲ. 2023ರಲ್ಲಿ ಡಿಆಂಡ್ರೆ ಹಾಪ್ಕಿನ್ಸ್ ಬಂದ. ಸುಳ್ಳು ಹೇಳಬಾರದು, ಚೆನ್ನಾಗಿಯೇ ಆಡಿದ, 1,057 ಯಾರ್ಡ್. ಅವನನ್ನು ಮುಂದಿನ ಅಕ್ಟೋಬರಿನಲ್ಲಿ ಕ್ಯಾನ್ಸಸ್ ಸಿಟಿಗೆ ದಾಟಿಸಿದರು. 2024ರ ಮಾರ್ಚ್‌ನಲ್ಲಿ ಕ್ಯಾಲ್ವಿನ್ ರಿಡ್ಲಿ ಬಂದ, ವಯಸ್ಸು 29. ನಾಲ್ಕು ವರ್ಷಕ್ಕೆ 9.2 ಕೋಟಿ ಡಾಲರ್.

ಕ್ಯಾಲ್ಕ್ಯುಲೇಟರ್ ಬೇಡ, ನಾನೇ ಹೇಳುತ್ತೇನೆ. ವರ್ಷಕ್ಕೆ 2.3 ಕೋಟಿ. 24 ವರ್ಷದ ಬ್ರೌನ್ 2.2ಕ್ಕೆ ಒಪ್ಪುತ್ತಿದ್ದ, ಆಗ ದುಡ್ಡಿರಲಿಲ್ಲ. ಎರಡು ವರ್ಷ ಬಿಟ್ಟು ದುಡ್ಡು ಎಲ್ಲಿಂದಲೋ ಬಂತು. ಅಷ್ಟರಲ್ಲಿ ಬ್ರೌನ್ ಒಂದು ಸೂಪರ್ ಬೌಲ್, ಅಂದರೆ ಎನ್‌ಎಫ್‌ಎಲ್ ಫೈನಲ್, ಆಡಿ ಸೋತಿದ್ದ. 2025ರ ಫೆಬ್ರವರಿಯಲ್ಲಿ ಇನ್ನೊಂದು ಆಡಿ ಗೆದ್ದ, 40–22. ಅದಕ್ಕೂ ಒಂದು ತಿಂಗಳ ಹಿಂದೆ ಪ್ಲೇಆಫ್ ಮ್ಯಾಚಿನ ಮಧ್ಯೆ ಬೆಂಚಿನ ಮೇಲೆ ಕೂತು ಪುಸ್ತಕ ಓದುತ್ತಿದ್ದ ಪುಣ್ಯಾತ್ಮ! ಕ್ಯಾಮೆರಾ ಅದನ್ನು ತೋರಿಸಿದ್ದೇ ತೋರಿಸಿದ್ದು, ಯಾರೂ ಕೇಳದಿದ್ದ ಆ ಪುಸ್ತಕ ಅಮೆಜಾನಿನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಚೆಂಡು ಹಿಡಿಯದೆ ಸುಮ್ನೆ ಕೂತರೂ ಏನಾದರೂ ಮಾರಾಟ ಆಗುತ್ತದೆ. ಇಂಥವನಿಗೆ 2.2 ಕೋಟಿ ಜಾಸ್ತಿ ಆಯಿತಂತೆ.

ಇಲ್ಲಿವರೆಗೆ ನಗಬಹುದು. ಅವರ ತಂಡ, ಅವರ ದುಡ್ಡು, ಏನಾದರೂ ಮಾಡಿಕೊಳ್ಳಲಿ.

ಆದರೆ ಸ್ಟೇಡಿಯಂ ಇದೆಯಲ್ಲ, ಅದು ಬರೀ ಅವರ ದುಡ್ಡಲ್ಲ. ಟೈಟನ್ಸ್‌ನ ಊರು ನಾಶ್‌ವಿಲ್‌ನ ಈಗಿನ ಸ್ಟೇಡಿಯಂ 1999ರಲ್ಲಿ ಶುರುವಾದದ್ದು. ಕಟ್ಟಿದ ಖರ್ಚು ಸುಮಾರು 29 ಕೋಟಿ ಡಾಲರ್. 2022ರಲ್ಲಿ ಸಲಹೆಗಾರರು ಬಂದು ನೋಡಿ, ಇದರ ರಿಪೇರಿಗೆ 175ರಿಂದ 195 ಕೋಟಿ ಬೇಕು ಅಂದರು. ಕಟ್ಟಿದ್ದಕ್ಕಿಂತ ಆರು ಪಟ್ಟು ರಿಪೇರಿ. ಹಳೇ ಕರಾರಿನ ಪ್ರಕಾರ ಆ ರಿಪೇರಿ ನಗರದ ತಲೆ ಮೇಲಿತ್ತು. ಹಾಗಾಗಿ ಹೊಸದೇ ವಾಸಿ ಅಂತ ತೀರ್ಮಾನವಾಯಿತು. 2023ರ ಏಪ್ರಿಲ್‌ನಲ್ಲಿ, ಬ್ರೌನ್ ಹೋಗಿ ಒಂದು ವರ್ಷವೂ ತುಂಬುವ ಮೊದಲು, ನಗರ ಸಭೆ 210 ಕೋಟಿ ಡಾಲರಿನ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಇದರಲ್ಲಿ 50 ಕೋಟಿ ರಾಜ್ಯದ್ದು, 76 ಕೋಟಿ ನಗರದ ಸಾಲದ ಬಾಂಡು.

126 ಕೋಟಿ. ಒಬ್ಬ ಆಟಗಾರನಿಗೆ ವರ್ಷಕ್ಕೆ ಇನ್ನು 60 ಲಕ್ಷ ಸೇರಿಸಲು ಆಗದ ತಂಡಕ್ಕೆ ಊರಿನವರು ಕೊಟ್ಟದ್ದು ಇಷ್ಟು. ಇದಕ್ಕೆ ಏನು ಹಾಸ್ಯ ಬರೆಯೋದು? ನಗರದ ಖಜಾನೆಯಿಂದ ಪೈಸೆ ಹೋಗಲ್ಲ ಅಂತ ಸಮಜಾಯಿಷಿ ಬೇರೆ. ಹೋಟೆಲ್ ರೂಮುಗಳ ಮೇಲೆ ಹೊಸದಾಗಿ 1% ತೆರಿಗೆ, ಸ್ಟೇಡಿಯಂ ಒಳಗೆ ಮಾರಿದ್ದರ ಪೂರ್ತಿ ಸೇಲ್ಸ್ ಟ್ಯಾಕ್ಸ್, ಸುತ್ತಲಿನ 130 ಎಕರೆಯಲ್ಲಿ ಅರ್ಧ. ಖಜಾನೆಗೆ ಬರಬೇಕಾದದ್ದನ್ನು ಬಾಗಿಲಲ್ಲೇ ತಡೆದು ಇಟ್ಟುಕೊಂಡರೆ ಖಜಾನೆಯಿಂದ ಹೋಗಲ್ಲ, ನಿಜ. ಬರೋದೇ ಇಲ್ಲವಲ್ಲ. ಇದನ್ನು ಮುಖ ಗಂಟು ಹಾಕಿಕೊಂಡು ಓದಿ ಹೇಳುವವರಿಗೆ ಸಂಬಳ ಬೇರೆ ಕೊಡುತ್ತಾರೆ.

ಹೊಸ ಸ್ಟೇಡಿಯಂ 2027ಕ್ಕೆ ತೆರೆಯುತ್ತಾರಂತೆ. ಬೆಳಕು ತೂರಿ ಬರುವ ಸೂರು, ಸುಮಾರು 60,000 ಸೀಟು. ಸೀಸನ್ ಟಿಕೆಟ್ ಬೇಕೆಂದರೆ ನೇರವಾಗಿ ಹೋಗಿ ಕೊಳ್ಳುವ ಹಾಗಿಲ್ಲ. ಮೊದಲು ಆ ಸೀಟಿನ ಲೈಸೆನ್ಸ್ ಅಂತ ಒಂದಕ್ಕೆ ದುಡ್ಡು ಕಟ್ಟಬೇಕು. ಕಟ್ಟಿದ ಮೇಲೆ ನಿಮಗೆ ಸಿಗೋದು ಟಿಕೆಟ್ ಅಲ್ಲ, ಟಿಕೆಟ್ ಕೊಳ್ಳುವ ಹಕ್ಕು. ಟಿಕೆಟ್‌ಗೆ ಬೇರೆ ದುಡ್ಡು.